ಪುಸ್ತಕದಂಗಡಿಯ ತೀರ್ಪು

ಹೆಣದ ಪಕ್ಕ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದವರು ಸತ್ತವನ ಮಾತುಗಳು ನೆನಪಾಗಿ ನಗು ತಡೆಯಲಾರದೆ, ಅಲ್ಲಿನ ರೂಢಿಯಂತೆ ಅವನ ಹೆಸರು ಅಚ್ಚು ಹಾಕಿಸಿ ಹಂಚಿದ್ದ ಕಾಗದದ ಬೀಸಣಿಗೆಗಳನ್ನು ಬಾಯಿಗೆ ಅಡ್ಡ ಹಿಡಿದರು. ಸತ್ತ ಊ ಥೌನ್ ಪೇ ಬರ್ಮಾದ ಮೌಲಮೈನ್‌ನಲ್ಲಿ ಜೀವಮಾನವಿಡೀ ಬಾಡಿಗೆ ಪುಸ್ತಕದ ಅಂಗಡಿ ನಡೆಸಿದವನು. ತಾನು ಓದದೆ ಯಾವ ಪುಸ್ತಕವನ್ನೂ ಬಾಡಿಗೆಗೆ ಕೊಟ್ಟವನಲ್ಲ. ಓದಿದ ಮೇಲೆ ಮುಲಾಜು ನೋಡಿದವನೂ ಅಲ್ಲ. ಧ್ಯಾನದ ಪುಸ್ತಕ ಕೇಳಿದವರಿಗೆ, ನಿದ್ದೆ ಬಾರದಿದ್ದರೆ ಒಯ್ಯಿ ಎನ್ನುತ್ತಿದ್ದ. ಅಡುಗೆ ಪುಸ್ತಕ ಬರೆದವಳ ಗಂಡನಿಗಾಗಿ ಮರುಗುತ್ತಿದ್ದ. ಪತ್ತೇದಾರಿ ಕಾದಂಬರಿ ಹಿಡಿಸದಿದ್ದರೆ ಕೊಲೆಗಾರ ಯಾರೆಂದು ಹೇಳಿಯೇ ಪುಸ್ತಕ ಕೊಡುತ್ತಿದ್ದ.

"ಪುಸ್ತಕದ ವಿಷಯದಲ್ಲಿ ಮಾತ್ರ ಅವನ ಬಾಯಲ್ಲಿ ಸುಳ್ಳು ಬರ್ಲಿಲ್ಲ ಬಿಡು," ಎಂದ ಅವನ ತಮ್ಮ.

ಹೆಂಡತಿ ದೋ ಮ್ಯಾ ಯೀ ತಲೆಯಾಡಿಸಿದಳು. ಅದನ್ನು ಅವಳಷ್ಟು ನಂಬಿದವರು ಬೇರೆ ಇರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಅವಳೊಂದು ಕಾದಂಬರಿ ಬರೆದಿದ್ದಳು. ಅವನು ಅಂಗಡಿಗೆ ಹೋದ ಮೇಲೆ, ಒಲೆಯ ಮೇಲೆ ಅನ್ನ ಕುದಿಯುವಾಗ ಬರೆದದ್ದು. ಗಂಡಸಿನ ಹೆಸರಿಟ್ಟು ರಂಗೂನಿನ ಪ್ರೆಸ್ಸಿಗೆ ಕಳಿಸಿದ್ದಳು. ಹೆಂಡತಿಯದೆಂಬ ದಾಕ್ಷಿಣ್ಯವಿಲ್ಲದೆ ಅವನು ಓದಬೇಕು, ಆಮೇಲೆ ಹೇಳಬೇಕು ಎಂಬುದು ಅವಳ ಆಸೆ.

ಹೊಸ ಪುಸ್ತಕಗಳ ಕಟ್ಟಿನಲ್ಲಿ ಅದೂ ಬಂತು. ಅವನು ಓದಿ ಮುಗಿಸಿದ ಮರುದಿನ ಅವಳು ಅಂಗಡಿಯಲ್ಲಿ ಕೂತು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಗಿರಾಕಿಗಳ ಮುಂದೆಯೇ ಅವನು ಅದನ್ನು ಬದಿಗೆಸೆದ.

"ಇದ್ರಲ್ಲಿ ಜೀವಾನೇ ಇಲ್ಲ. ಇವನು ಇನ್ನೊಂದು ಬರೆಯದಿದ್ರೆ ಓದೋರಿಗೆ ಪುಣ್ಯ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಪ್ರೆಸ್ಸಿನವರು ಎರಡನೆಯದನ್ನು ಕೇಳಿ ಬರೆದಾಗ ಉತ್ತರಿಸಲಿಲ್ಲ. ಆಮೇಲೆ ಅನ್ನ ಕುದಿಯುವಾಗ ಅನ್ನವನ್ನೇ ನೋಡುತ್ತಾ ಕೂತಳು.

*

ಹೆಣ ಎತ್ತುವ ಹೊತ್ತಿಗೆ ಪಕ್ಕದ ಮನೆಯ ದರ್ಜಿ ಮಾ ಸೇನ್ ಬಂದು ಅವಳ ಕೈ ಹಿಡಿದುಕೊಂಡಳು. ಸಮಾಧಾನ ಹೇಳಲೆಂದೇ ಬಂದವಳು.

"ಅಕ್ಕಾ, ಅವ್ರು ಆಣೆ ಹಾಕಿಸ್ಕೊಂಡಿದ್ರು. ಈಗ ಹೇಳಿದ್ರೆ ತಪ್ಪಿಲ್ಲ. ನಿಮ್ಮ ಪುಸ್ತಕ ಓದಿ ಅವ್ರು ಅತ್ತಿದ್ರು, ನಾನೇ ನೋಡಿದೀನಿ."

"ನನ್ನದು ಅಂತ ಗೊತ್ತಿತ್ತಾ?"

"ಅದ್ರಲ್ಲಿ ಬೇಯ್ತಿರೋದು ನಮ್ಮನೆ ಅನ್ನ, ನಂಗೆ ಗೊತ್ತಾಗಲ್ವಾ ಅಂದ್ರು. ಇಡೀ ಅಂಗಡೀಲಿ ಇಂಥದ್ದೊಂದಿಲ್ಲ ಅಂದ್ರು."

"ಮತ್ತೆ ಹಾಗ್ಯಾಕೆ ಅಂದ್ರು?"

ಮಾ ಸೇನ್ ಕಣ್ಣೊರೆಸಿಕೊಂಡು ನಕ್ಕಳು. "ಪ್ರೀತಿ ಅಕ್ಕಾ. ಚೆನ್ನಾಗಿದೆ ಅಂದ್ರೆ ರಂಗೂನಿಗೆ ಹೊರಟುಬಿಡ್ತಾಳೆ, ಆಮೇಲೆ ನನ್ನನ್ನ ಯಾರು ನೋಡ್ಕೋತಾರೆ ಅಂತಿದ್ರು."

ದೋ ಮ್ಯಾ ಯೀ ನಿಧಾನವಾಗಿ ಕೈ ಬಿಡಿಸಿಕೊಂಡಳು.

ಹೆಣದ ಗಾಡಿ ಹೊರಟಿತು. ಸತ್ತವನು ಮರಳಿ ಮನೆಗೆ ಬಾರದಿರಲೆಂದು ಹೊಸಿಲ ಹೊರಗೆ ಒಡೆಯಬೇಕಾದ ನೀರಿನ ಮಡಕೆಯನ್ನು, ಅತ್ತಿಗೆಗೆ ಶಕ್ತಿ ಸಾಲದೆಂದು ಮೈದುನ ಎತ್ತಿಕೊಂಡಿದ್ದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಕಂಠ ಹಿಡಿದು ಕಲ್ಲಿಗೆ ಅಪ್ಪಳಿಸಿದಳು. ಹತ್ತಿರ ನಿಂತವರ ಲುಂಗಿಗಳೆಲ್ಲ ನೆನೆದವು. ಗಾಡಿ ತಿರುವು ದಾಟಿ ಮರೆಯಾಯಿತು. ಜನ ಅದರ ಹಿಂದೆ ಹೋದರು. ಅವಳು ಅಲ್ಲೇ ನಿಂತಿದ್ದಳು, ಮುರಿದ ಕಂಠವನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು.