ಟಿಕೋಟಾದಲ್ಲಿ ಬರೆದದ್ದು, ಬಬಲೇಶ್ವರದಲ್ಲಿ ಕೇಳಿದ್ದು

ಗೋಳಗುಮ್ಮಟದ ಕಡೆ ತಿರುಗುವ ಟಾಂಗಾದ ಕುದುರೆ ಕೆನೆದದ್ದೂ ತನ್ನನ್ನೇ ನೋಡಿ ನಕ್ಕ ಹಾಗೆ, ಕೋಲ್ಡ್ ಸ್ಟೋರೇಜಿನ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಕಸ್ತೂರಿಗೆ, ಎದುರಿಗೆ ಇಟ್ಟಂಗಿಹಾಳದ ರಾಚವ್ವ ಕದಲದೆ ಕೂತಿದ್ದಾಳೆ, ನಿನ್ನ ಮಷಿನ್ನ ಉಂಡೈತೇನ ತಂಗಿ ನನ್ನ ಒಣದ್ರಾಕ್ಷಿ, ಮುಂಜಾನಿ ಟಿಕೋಟಾದಾಗ ನಾನ ಇಳಿಸಿ ಬಂದೇನಿ — ಪರದೆಯ ಮೇಲೆ ರಾಚವ್ವನ ಹೆಸರೇ ಇಲ್ಲ, ಮತ್ತೆ ಹುಡುಕಿದರೂ ಇಲ್ಲ, ಟಿಕೋಟಾದ ಥಂಡಿ ಕೋಣೆಯ ಕೀಲಿ ಯಾಸೀನನ ಕೈಯಲ್ಲಿ, ಬಂದ ಮಾಲು ಬರೆದುಕೊಳ್ಳುವವನೂ ಅವನೇ, ಅಳಿಸುವುದು ಎಷ್ಟೊತ್ತಿನ ಕೆಲಸ, ಮೊನ್ನೆ ಈ ಕಚೇರಿಗೆ ಬಂದವನು ಫೋನು ಬಂದಾಗ ಯಾಕೆ ಎದ್ದು ಹೊರಗೆ ಹೋದ, ಯಾಕೆ ಅಷ್ಟೊಂದು ಅಕ್ಕಾ ಅಕ್ಕಾ — ಅದಕ್ಕೇ ಮಾಲಕ ಸುಭಾಷರಿಗೆ ಹೇಳಿಬಿಟ್ಟಳು, ಯಾಸೀನನ ಮ್ಯಾಲ ನನಗ ಸಂಶೆ ಐತ್ರಿ, ಅವರು ಒಂದೇ ಮಾತು, ಟಿಕೋಟಾ ಹತ್ರನ ಅದೀನಿ, ಕೀಲಿ ಇಸ್ಕೊಂಡು ಹೊರಗ ಹಾಕ್ತೀನಿ ಅವನ್ನ — ಈಗ ಆ ಯಾಸೀನನೇ ವೀಡಿಯೊ ಕರೆಯಲ್ಲಿ, ಥಂಡಿ ಕೋಣೆಯೊಳಗೆ ನಿಂತು, ನೋಡಕ್ಕಾ, ರಾಚವ್ವ ಆಯಿ ಮಾಲು ಇಲ್ಲೇ ಐತಿ, ಪೆಟ್ಟಿಗಿ ಮ್ಯಾಲಿನ ಹೆಸರು ಓದು, ಮಾತಿನೊಂದಿಗೆ ಬಾಯಿಂದ ಬಿಳಿ ಉಸಿರು, ರಾಚವ್ವ ಬಗ್ಗಿ ನೋಡಿ ಹೌದವ್ವಾ, ಹಗ್ಗಕ್ಕ ನಾ ಹಾಕಿದ ಗಂಟೇ ಅಂದಳು, ಆದರೂ ಕಸ್ತೂರಿ ಒಪ್ಪಲೊಲ್ಲಳು, ಈಗ ತಂದಿಟ್ಟಿರಬಾರದೇಕೆ, ಹಾಗಲ್ಲವಾದರೆ ಪರದೆಯೇ ಸುಳ್ಳೇ, ಪರದೆಗೆ ಉತ್ತರ ಕೊಟ್ಟ ಸರ್ವರ್ ಯಾವುದು — ಬಬಲೇಶ್ವರದ್ದು, ಕಾಲುವೆ ನೀರು ಹಂಚಿದ ಹಾಗೆ ದಾರಿ ಹಂಚಿದವಳು ತಾನೇ, ಒಂದರ ಮೇಲೇ ಭಾರ ಬೀಳಬಾರದೆಂದು, ಬರೆಯುವವರೆಲ್ಲ ಟಿಕೋಟಾದ ಸರ್ವರಿಗೆ, ಕೇಳುವವರೆಲ್ಲ ಬಬಲೇಶ್ವರದ ಸರ್ವರಿಗೆ, ಟಿಕೋಟಾದಲ್ಲಿ ಬರೆದದ್ದು ಬಬಲೇಶ್ವರಕ್ಕೆ ನಕಲಾಗಿ ಹರಿದು ಹೋಗಬೇಕು, ಬಬಲೇಶ್ವರಕ್ಕೆ ಬಂದ ಕೊನೆಯ ನಕಲು ನಿನ್ನೆಯದು, ಎಲ್ಲೋ ರಸ್ತೆ ಅಗೆದವರು ತಂತಿ ಕಡಿದಿರಬೇಕು, ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟಿಲ್ಲ, ತುದಿಯವರು ಮೇಲಿನ ಹೊಲದವನನ್ನು ಕಳ್ಳ ಅನ್ನುವುದು ಊರೂರಲ್ಲಿ ಕೇಳಿದ್ದೇ, ತಾನೂ ಅಂದಳು, ಅಂದದ್ದು ಮುಟ್ಟಬೇಕಾದಲ್ಲಿ ಮುಟ್ಟಿಯೂ ಬಿಟ್ಟಿತು — ಸುಭಾಷರು ಫೋನು ಎತ್ತುತ್ತಿಲ್ಲ, ಎತ್ತುತ್ತಿಲ್ಲ, ಯಾಸೀನ ಒಂದೊಂದೇ ಪೆಟ್ಟಿಗೆ ತಿರುಗಿಸಿ ತೋರಿಸುತ್ತಲೇ ಇದ್ದಾನೆ, ಇದೂ ಆಯೀದ ಅಕ್ಕಾ, ಬಿಳಿ ಉಸಿರು, ಇದೂ, ಬಿಳಿ ಉಸಿರು, ಅವನ ಬೆನ್ನ ಹಿಂದೆ ಬಾಗಿಲು ತೆರೆದು ಬೆಳಕು ಬಿತ್ತು, ಮಾಲಕರು ಬಂದ್ರಕ್ಕಾ, ಛಲೋ ಆತು, ತಡಿ, ಅವರಿಗೂ ತೋರಸ್ತೀನಿ, ನಗುತ್ತ ತಿರುಗಿದ, ಬಿಳಿ ಉಸಿರು, ಮತ್ತೆ ಬಿಳಿ ಉಸಿರು —