ಮಾಸದ ಶರ್ಟು

"ಮೊದಲು ಈ ಬಟ್ಟೆ ತೆಗೀರಪ್ಪ, ಇಲ್ದಿದ್ರೆ ಕುರ್ಚಿ ಎಲ್ಲಿ ಹಾಕೋದು?" ಎನ್ನುತ್ತ ಮಾವ ಅಂಗಳದ ಹಗ್ಗದಿಂದ ಒಂದೊಂದೇ ಬಟ್ಟೆ ಎಳೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ. ಎರಡು ಟವೆಲು, ಒಂದು ದಿಂಬಿನ ಚೀಲ, ಕೊನೆಗೆ ತಮ್ಮನ ತಿಳಿನೀಲಿ ಶರ್ಟು. ಅದರ ಅಂಚು ಇನ್ನೂ ಹಸಿಯಾಗಿತ್ತು. ನಿನ್ನೆ ಸಂಜೆ ಅದನ್ನು ಒಗೆದು ಹರವಿದ ಅಕ್ಕ ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಬೆಳಗಿನ ಜಾವ ಎದೆನೋವೆಂದು ಎದ್ದು ಕೂತವಳು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದಳು.

ಮಾವ ಶರ್ಟನ್ನು ತಮ್ಮನ ಕೈಗಿಟ್ಟ.

"ಆಫೀಸಿಗೆ ಹೇಳಿದ್ಯೇನೋ? ನಿಮ್ಮ ಸಾಹೇಬ್ರು ಯಾರಾದ್ರೂ ಬಂದ್ರೆ ಒಂದು ಒಳ್ಳೇ ಕುರ್ಚಿ ಬೇರೆ ತೆಗೆದಿಡ್ತೀನಿ."

"ಹೇಳಿದೀನಿ ಮಾವ. ಅವ್ರು ಬರಲ್ಲ. ರಜಾ ಕೊಟ್ಟಿದಾರೆ."

ಇಂಥ ದಿನವೂ ಸುಳ್ಳು ತಡವರಿಸದೆ ಬಂತು. ಸಾಹೇಬರೂ ಇರಲಿಲ್ಲ, ಆಫೀಸೂ ಇರಲಿಲ್ಲ. ಅವನು ಲೆಕ್ಕ ಬರೆಯುತ್ತಿದ್ದ ಕಂಪನಿ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ಅಂದಿನಿಂದ ಅವನು ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದ. ಅಕ್ಕನಿಗೆ ಅದು ಗೊತ್ತಾಗದೆ ಹೋಯಿತು, ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿದಳು ಎಂಬುದೊಂದೇ ಈ ಬೆಳಗ್ಗೆ ಅವನಿಗಿದ್ದ ಸಮಾಧಾನ.

*

ಅವನು ಕಾಲೇಜಿಗೆ ಸೇರುವ ದಿನ ಇದೇ ಮಾವ ಬಾಗಿಲಿಗೆ ಅಡ್ಡ ನಿಂತು ಬುದ್ಧಿ ಹೇಳಿದ್ದ. ಟೈರ್ ರಿಪೇರಿ ಅಂಗಡಿಯವನು. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವುದು ಅವನ ಜಾಯಮಾನ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಮೂರು ವರ್ಷ ಫೀಸು ಅಂತ ಸುರಿಯೋ ದುಡ್ಡಲ್ಲಿ ಇವನಿಗೇ ಒಂದು ಅಂಗಡಿ ಆಗುತ್ತೆ ಕಣಮ್ಮ. ನನ್ನ ಹತ್ರ ಬಿಡು, ನಾಳೆಯಿಂದಲೇ ಸಂಪಾದನೆ. ಡಿಗ್ರಿ ಇಟ್ಕೊಂಡು ನೆಕ್ಕೋಕಾಗುತ್ತಾ?"

ಅಕ್ಕ ತಲೆ ಬಾಚುತ್ತಿದ್ದವಳು ತಿರುಗಿ ನೋಡಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಶಾಲೆ ಬಿಟ್ಟು ಬಟ್ಟೆ ಫ್ಯಾಕ್ಟರಿ ಸೇರಿದ್ದಳು. ಅಲ್ಲಿ ಬೆಳಗ್ಗಿನಿಂದ ಸಂಜೆಯವರೆಗೆ ಶರ್ಟಿನ ಕಾಲರ್ ಹೊಲಿಯುವುದೊಂದೇ ಅವಳ ಕೆಲಸ.

"ನಾನು ಹೊಲಿಯೋ ಶರ್ಟನ್ನ ಹಾಕ್ಕೊಂಡು ಓಡಾಡೋರು ಎಲ್ಲೋ ಇರ್ತಾರೆ ಮಾವ. ಒಬ್ಬನಾದ್ರೂ ನಮ್ಮನೇಲಿ ಇರ್ಲಿ. ಲಾಭ ಬಂದ್ರೆ ಬಂತು."

"ಬರದಿದ್ರೆ?"

"ಬರದಿದ್ರೆ ಓದಿದ್ದು ವಾಪಸ್ ಹೋಗುತ್ತಾ?"

ಮಾವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಅದು ಅಪರೂಪ. ಆ ಮೂರು ವರ್ಷ ಅಕ್ಕ ಭಾನುವಾರವೂ ದುಡಿದಳು. ಒಂದು ಒಳ್ಳೆಯ ಸಂಬಂಧ ಬಂದಾಗ "ಇವನ ಕೊನೇ ಪರೀಕ್ಷೆ ಮುಗೀಲಿ" ಎಂದಳು. ಗಂಡಿನ ಕಡೆಯವರಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಡಿಗ್ರಿ ಬಂತು. ಬಹಳ ಅಲೆದ ಮೇಲೆ ಕೆಲಸವೂ ಬಂತು. ತಿಳಿನೀಲಿ ಶರ್ಟು ಅಕ್ಕ ಕೊಡಿಸಿದ್ದು. ಆದರೆ ವರ್ಷ ತುಂಬುವ ಮೊದಲೇ ಕಂಪನಿ ಮುಳುಗಿತು. ಅಂದು ಸಂಜೆ ಹೇಳಬೇಕೆಂದೇ ಮನೆಗೆ ಬಂದ. ಅಕ್ಕ ಪಕ್ಕದ ಮನೆಯವಳ ಹತ್ತಿರ "ನನ್ನ ತಮ್ಮ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡ್ತಾನೆ" ಎನ್ನುತ್ತಿದ್ದಳು. ಅವನು ಹೇಳದೆಯೇ ಒಳಗೆ ಹೋದ. ಮರುದಿನದಿಂದ ಅದೇ ಶರ್ಟು ತೊಟ್ಟು ಹೊರಡುವುದು, ಗೋಡೌನಿನಲ್ಲಿ ಅದನ್ನು ಬಿಚ್ಚಿ ಮಡಿಸಿಟ್ಟು ಪಾರ್ಸೆಲ್ಲಿನವರ ಕೆಂಪು ಟೀಶರ್ಟು ಹಾಕಿಕೊಳ್ಳುವುದು, ಸಂಜೆ ಮತ್ತೆ ಶರ್ಟು ತೊಟ್ಟು ಬರುವುದು. ತಮಾಷೆಯೆಂದರೆ ಪಾರ್ಸೆಲ್ಲಿನ ಸಂಪಾದನೆ ಕಂಪನಿಯ ಸಂಬಳಕ್ಕಿಂತ ಒಂದು ಕೈ ಮೇಲೇ ಇತ್ತು. ಹಾಗಾಗಿ ಮನೆಖರ್ಚಿನಲ್ಲೂ ಗುಟ್ಟು ರಟ್ಟಾಗಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಅವನು ಹಾಯಾಗಿದ್ದ.

*

ಫ್ಯಾಕ್ಟರಿಯ ಹೆಂಗಸರು ಒಟ್ಟಿಗೆ ಬಂದರು. ಅಕ್ಕನ ಪಕ್ಕದ ಮೆಷಿನ್ನಿನಲ್ಲಿ ಗುಂಡಿ ಹೊಲಿಯುತ್ತಿದ್ದವಳನ್ನು ಎಲ್ಲರೂ ಗುಂಡಿಯಮ್ಮ ಎನ್ನುತ್ತಿದ್ದರು. ಅತ್ತು ಮುಖ ತೊಳೆಯಲು ಹಿತ್ತಿಲಿಗೆ ಬಂದವಳು ಒಗೆಯುವ ಕಲ್ಲಿನ ಮೇಲೆ ಕೂತಿದ್ದ ತಮ್ಮನನ್ನು ಕಂಡಳು. ಶರ್ಟು ಇನ್ನೂ ಅವನ ಕೈಯಲ್ಲೇ ಇತ್ತು.

"ನಿನ್ನೆ ಕೂಡ ಇದನ್ನ ಒಗೆದಿದ್ಲಾ? ಅಯ್ಯೋ ಪುಣ್ಯಾತ್ಗಿತ್ತಿ. ಮಾಸದೇ ಇರೋ ಶರ್ಟನ್ನ ದಿನಾ ಒಗೆಯೋದು ಅಂದ್ರೆ ಸುಮ್ನೇನಾ?"

ಅವನು ತಲೆಯೆತ್ತಿದ.

"ಏನಂದ್ರಿ?"

ಗುಂಡಿಯಮ್ಮ ನಾಲಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತನ್ನು ನುಂಗುವುದು ಹೇಗೆ? ಅವನ ಪಕ್ಕದಲ್ಲೇ ಕುಕ್ಕರಿಸಿದಳು.

"ಕೊನೆಗೂ ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ ಕಣಪ್ಪ. ಬೆಳಗ್ಗೆ ಹಾಕಿದ ಇಸ್ತ್ರಿ ಸಂಜೆಗೂ ಹಾಗೇ ಇರುತ್ತೆ, ಒಂದು ಹನಿ ಬೆವರಿಲ್ಲ, ಕೂತು ಕೆಲಸ ಮಾಡೋನ ಬೆನ್ನಾದ್ರೂ ಮುದುರಬೇಡ್ವಾ ಅಂತಿದ್ಲು. ಆಮೇಲೆ ಒಂದಿನ ನಮ್ಮ ಫ್ಯಾಕ್ಟರಿ ಎದುರಿನ ಮನೆಗೆ ನೀನೇ ಪಾರ್ಸೆಲ್ ತಂದೆ. ಕಿಟಕಿಯಿಂದ ನೋಡಿದ್ವಿ. ನಾನು ಕೂಗೋಕೆ ಹೋದ್ರೆ ನನ್ನ ಬಾಯಿ ಮುಚ್ಚಿದ್ಲು."

"ಮತ್ತೆ ಯಾಕೆ ದಿನಾ ಒಗೀತಿದ್ಲು?"

"ಒಗೀದೆ ಮಡಿಸಿಟ್ರೆ ನಿನಗೆ ಗೊತ್ತಾಗ್ತಿತ್ತಲ್ಲ, ಅವಳಿಗೆ ಗೊತ್ತಾಗಿದೆ ಅಂತ."

ಅವನು ಕೈಯಲ್ಲಿದ್ದ ಶರ್ಟನ್ನು ಮಡಿಸತೊಡಗಿದ. ಕೇಳಬೇಕಾದ್ದನ್ನು ಕೇಳಲು ಹೆದರಿಕೆಯಾಯಿತು.

"ಅಷ್ಟು ದುಡ್ಡು ದಂಡ ಆಯ್ತು ಅಂತ ಬೇಜಾರು ಮಾಡ್ಕೊಂಡಿದ್ಲಾ?"

"ಹೆಣ ಮನೇಲಿಟ್ಕೊಂಡು ಸುಳ್ಳು ಹೇಳಲ್ಲ. ಅತ್ತಳು. ಊಟದ ಡಬ್ಬಿ ಬಿಚ್ಚದೇ ಅತ್ತಳು. ಆದ್ರೆ ದುಡ್ಡಿಗಲ್ಲ ಕಣೋ. ದುಡಿದು ತಿನ್ನೋದ್ರಲ್ಲಿ ನಾಚಿಕೆ ಏನು, ನನ್ನ ಹತ್ರ ಹೇಳೋಕೆ ಅವನು ಹೆದರೋ ಹಾಗೆ ನಾನೇ ಮಾಡಿಬಿಟ್ನಲ್ಲ ಅಂತ. ಕೇಳಿಬಿಡೇ ಅಂದ್ವಿ. ನಾನು ಕೇಳಿದ್ರೆ ಕುಗ್ಗಿ ಹೋಗ್ತಾನೆ, ಅವನಾಗೇ ಹೇಳ್ಲಿ ಅಂದ್ಲು. ಕಾಯ್ತಾನೇ ಇದ್ಲು."

*

ದಿನವೂ ರಾತ್ರಿ ಊಟಕ್ಕೆ ಕೂತಾಗ ಅಕ್ಕ "ಇವತ್ತೇನು ಕೆಲಸ ಇತ್ತು?" ಎಂದು ಕೇಳುತ್ತಿದ್ದಳು. "ಅದೇ, ಲೆಕ್ಕ" ಎಂದು ಅವನು ತಟ್ಟೆ ನೋಡುತ್ತಿದ್ದ. ಕಳೆದ ಬೇಸಿಗೆಯಲ್ಲಿ ಒಮ್ಮೆ ಅವನ ಮುಖ ಹಿಡಿದು ಬೆಳಕಿಗೆ ತಿರುಗಿಸಿದ್ದಳು.

"ಏನೋ ಇಷ್ಟು ಕಪ್ಪಾಗಿದೀಯ? ಆಫೀಸಲ್ಲಿ ಕಿಟಕಿ ಪಕ್ಕ ಕೂರಿಸಿದಾರಾ?"

"ಹೂಂ ಅಕ್ಕ. ಮಧ್ಯಾಹ್ನ ಬಿಸಿಲು ಬೀಳುತ್ತೆ."

ಅವಳು ಏನೋ ಹೇಳುವವಳಂತೆ ನಿಂತಳು. ಆಮೇಲೆ "ಹಾಗಾದ್ರೆ ನೀರು ಜಾಸ್ತಿ ಕುಡಿ" ಎಂದಳು. ಮರುದಿನ ಅವನ ಚೀಲದಲ್ಲಿ ದೊಡ್ಡ ನೀರಿನ ಬಾಟಲಿ ಇತ್ತು. ಅಕ್ಕ ಎಷ್ಟು ಮುಗ್ಧೆ, ಏನು ಹೇಳಿದರೂ ನಂಬುತ್ತಾಳೆ ಎಂದು ಅವನು ದಾರಿಯುದ್ದಕ್ಕೂ ಮರುಗಿದ್ದ.

*

ವ್ಯಾನು ಬಂತು. ಮಾವ ಒಳಗೆ ಬಂದು, "ನೋಡೋರೆಲ್ಲ ನೋಡಿದ್ರಾ? ಇನ್ನು ಎತ್ತೋಣ" ಎಂದ. ತಮ್ಮ ಅಕ್ಕನ ತಲೆಯ ಬಳಿ ಕೂತ. ಅವಳ ಬಲಗೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿತ್ತು. ಅದನ್ನು ಹಿಡಿದುಕೊಂಡಾಗಲೇ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಿನ್ನೆಯವರೆಗೆ ಆಗಿದ್ದರೆ ಎದ್ದು ಹಿತ್ತಿಲಿಗೆ ಓಡುತ್ತಿದ್ದ.

"ಆಫೀಸಿಂದಾ? ಎತ್ತಪ್ಪ, ಪರವಾಗಿಲ್ಲ" ಎಂದ ಮಾವ.

ಅವನು ಕೂತಲ್ಲೇ ಎತ್ತಿದ. ಅತ್ತ ಹೆಂಗಸೊಬ್ಬಳು ಗದರುತ್ತಿದ್ದಳು. ನಿನ್ನೆ ಬೀಗ ಹಾಕಿತ್ತೆಂದು ವಾಪಸು ತಂದ ಪಾರ್ಸೆಲ್ಲು ಇವತ್ತು ಬೆಳಗ್ಗೆ ಬರಬೇಕಿತ್ತಂತೆ.

"ಹೌದು ಮೇಡಂ, ಪಾರ್ಸೆಲ್ ತರೋನೇ ನಾನು" ಎಂದ. ದನಿ ಮನೆಗೆಲ್ಲ ಕೇಳಿಸಿತು. "ಎರಡು ವರ್ಷದಿಂದ ನಾನೇ ತರ್ತಿರೋದು. ಇವತ್ತು ಆಗಲ್ಲ. ನಮ್ಮಕ್ಕ ತೀರ್ಕೊಂಡಿದಾಳೆ."

"ಅಯ್ಯೋ, ಸಾರಿ ಕಣಪ್ಪ. ಯಾವಾಗಾದ್ರೂ ತಾ" ಎಂದು ಅವಳು ಫೋನಿಟ್ಟಳು.

ಮಾವ ಏನೋ ಕೇಳಲು ಬಾಯಿ ತೆರೆದ. ಗುಂಡಿಯಮ್ಮ ಬೇಡವೆಂದು ಮಾವನ ತೋಳು ಹಿಡಿದಳು. ತಮ್ಮ ಮಾತ್ರ ಕಟ್ಟಾದ ಫೋನನ್ನು ಕಿವಿಯಿಂದ ತೆಗೆಯದೆ ಅಕ್ಕನ ಮುಖವನ್ನೇ ನೋಡುತ್ತಿದ್ದ.

"ಏನು ಕೆಲಸ ಅಂತ ಕೇಳ್ತಿದ್ಯಲ್ಲ ಅಕ್ಕ, ದಿನಾ ಬೆಳಗ್ಗೆ ಗೋಡೌನಿಗೆ ಹೋಗ್ತೀನಿ. ಭಾರದ್ದೆಲ್ಲ ಕೆಳಗೆ, ಹಗುರದ್ದು ಮೇಲೆ ಜೋಡಿಸ್ಕೋತೀನಿ. ಮೊದಲು ಕೆರೆ ಪಕ್ಕದ ಬೀದಿ. ಅಲ್ಲಿ ಒಂದು ನಾಯಿ ಇದೆ, ಮೊದಮೊದಲು ಅಟ್ಟಿಸ್ಕೊಂಡು ಬರ್ತಿತ್ತು, ಈಗ ಬಾಲ ಆಡಿಸುತ್ತೆ. ಆಮೇಲೆ ಒಬ್ಬ ಅಜ್ಜಿ, ಮೂರನೇ ಮಹಡಿ. ಲಿಫ್ಟಿಲ್ಲ..."

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಮಾವ ಬಾಗಿಲಿಗೆ ಹೋಗಿ, ಸ್ವಲ್ಪ ತಾಳು ಎಂದು ಕೈ ತೋರಿಸಿದ.