ಆರಂಭಶೂರ: ಮೂರನೆಯ ಪ್ರಯೋಗ

‘ಬರ್ಕೊಳ್ತಾ ಇದ್ದೀರಾ? ನಾನಿಲ್ಲಿ ಅಳ್ತಾ ಇದ್ರೆ ನೀವು ಬರ್ಕೊಳ್ತಾ ಇದ್ದೀರಾ?’

ಹೆಂಡತಿ ಹಾಗೆ ಕೂಗಿದಾಗ ಅವನ ಪೆನ್ನು ಇನ್ನೂ ಚೀಟಿಯ ಮೇಲೇ ಇತ್ತು. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಘಂಟು ಕಚೇರಿಯಲ್ಲಿ ಹದಿನಾಲ್ಕು ವರ್ಷ ಸವೆಸಿದ ಕೈ ಅದು. ಒಂದು ಪದಕ್ಕೆ ಮೂರು ಬಾಯಿಂದ ಮೂರು ಪ್ರಯೋಗ ಬೇಕು ಎನ್ನುವುದು ಅಲ್ಲಿಯ ನಿಯಮ. ಮೂರನೆಯದು ಸಿಗದೆ ವಾರದಿಂದ ಒದ್ದಾಡುತ್ತಿದ್ದವನಿಗೆ ಅಡುಗೆಮನೆ ಬಾಗಿಲಲ್ಲೇ ಸಿಕ್ಕಿತ್ತು: ‘ನೀವು ಬರೀ ಆರಂಭಶೂರ ಕಣ್ರೀ.’

ಅವಳು ಅತ್ತದ್ದು ಸ್ಕೂಟರಿಗಾಗಿ. ಊರಾಚೆಯ ಹೊಲಿಗೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತ್ತು. ಅಲ್ಲಿಗೆ ಬಸ್ಸಿಲ್ಲ. ಬರುತ್ತೇನೋ ಇಲ್ಲವೋ ಎಂದು ಇವತ್ತು ಸಂಜೆ ಐದರೊಳಗೆ ತಿಳಿಸಬೇಕು. ಸ್ಕೂಟರ್ ಕಲಿಸುತ್ತೇನೆಂದು ಭಾರೀ ಹುಮ್ಮಸ್ಸಿನಿಂದ ಹೊರಟ ಗಂಡ ನಾಲ್ಕೇ ದಿನಕ್ಕೆ ಕೈಬಿಟ್ಟಿದ್ದ. ನೆಟ್ಟಗೆ ಹೋಗುವುದು ಬಂದಿತ್ತು, ತಿರುಗಿಸುವುದು ಬಂದಿರಲಿಲ್ಲ. ಅರ್ಧ ಬಣ್ಣ ಬಳಿದ ಕಿಟಕಿ, ಬರೆಯಹೊರಟು ಹನ್ನೊಂದನೇ ಪುಟಕ್ಕೆ ನಿಂತ ಕಾದಂಬರಿ, ಈ ಸಾಲಿಗೆ ಅದೂ ಸೇರಿತ್ತು.

ಕಚೇರಿಯಲ್ಲಿ ಸಂಪಾದಕರು ಚೀಟಿಗಳನ್ನು ತಿರುವಿದರು.

‘“ಉತ್ಸಾಹದಿಂದ ಕೆಲಸಕ್ಕೆ ತೊಡಗಿ ನಡುವೆ ಬಿಡುವವನು.” ಸರಿ. ವ್ಯಂಗ್ಯ ಅಂತ ಸೇರಿಸಿ. ಇಲ್ದಿದ್ರೆ ಯಾರಾದ್ರೂ ಸನ್ಮಾನ ಪತ್ರದಲ್ಲಿ ಹಾಕಿಬಿಟ್ಟಾರು.’

ಮೂರನೆಯ ಚೀಟಿಗೆ ಅವರ ಮುಖ ಅರಳಿತು. ‘ಅಬ್ಬ! ಇದು ಜೀವಂತ ಇದೆ. ಯಾರು ಹೇಳಿದ್ದು?’

‘ಒಬ್ಬ ಗೃಹಿಣಿ.’

‘ಯಾರಿಗೆ?’

‘ಗಂಡನಿಗೆ.’

‘ಪಾಪ.’

ಪಾಪ ಗಂಡನೋ ಹೆಂಡತಿಯೋ ಎಂದುಕೊಳ್ಳುತ್ತ ಅವನು ಚೀಟಿಗೆ ಕೈ ಚಾಚಿದ.

‘ಸಂದರ್ಭದ ಸಾಲು ಖಾಲಿ ಬಿಟ್ಟಿದ್ದೀರಲ್ಲ’ ಎಂದರು. ‘ಆಮೇಲೆ ಏನಂದ್ರು ಆಕೆ? ಅದಿಲ್ದೆ ಇದು ಬೈದದ್ದೋ ಬೇಡಿಕೊಂಡದ್ದೋ ಹೇಗೆ ಗೊತ್ತಾಗುತ್ತೆ?’

ಏನೋ ಅಂದಿದ್ದಳು. ತುಟಿ ಅಲುಗಿದ್ದು ನೆನಪಿತ್ತು, ಮಾತು ನೆನಪಿರಲಿಲ್ಲ. ಆಗ ಅವನು ಬರೆಯುತ್ತಿದ್ದ. ಊರವರ ಮಾತನ್ನೆಲ್ಲ ಆಯ್ದು ಪೆಟ್ಟಿಗೆಗೆ ತುಂಬಿದವನು ಮನೆಯವಳ ಒಂದು ಮಾತನ್ನು ಕೊನೆತನಕ ಕೇಳಿರಲಿಲ್ಲ. ನಾಚಿಕೆಯಾಯಿತು, ನಿಜವಾದ ನಾಚಿಕೆ. ಅರ್ಧ ದಿನ ರಜೆ ಬರೆದುಕೊಟ್ಟು ಎದ್ದ.

ಮನೆ ಮುಟ್ಟಿದಾಗ ಮೂರೂವರೆ. ಅವಳು ಹೊರಗೆ ಸ್ಕೂಟರಿನ ಧೂಳು ಒರೆಸುತ್ತಿದ್ದಳು.

‘ಬೆಳಿಗ್ಗೆ, ಆ ಮಾತಾದ ಮೇಲೆ ಇನ್ನೂ ಏನೋ ಅಂದ್ಯಲ್ಲ?’

‘ಯಾಕೆ, ಬರ್ಕೊಳ್ಳೋಕಾ?’

‘ಅಲ್ಲ. ಕೇಳಿಸ್ಕೊಳ್ಳೋಕೆ.’

ಅವಳು ಬಟ್ಟೆ ಕೊಡವಿದಳು. ‘ತಿರುಗಿಸೋದೊಂದು ಹೇಳ್ಕೊಡಿ, ಉಳಿದದ್ದು ನಾನು ನೋಡ್ಕೋತೀನಿ ಅಂದೆ. ಅಷ್ಟೇ.’

‘ಹತ್ತು. ಈಗಲೇ ಹೇಳ್ಕೊಡ್ತೀನಿ.’

‘ಶುರು ಮಾಡೋದ್ರಲ್ಲಿ ನಿಮ್ಮನ್ನ ಬಿಟ್ರಿಲ್ಲ’ ಎಂದಳು. ಆದರೂ ಹತ್ತಿ ಕೂತಳು.

ಸ್ಕೂಟರ್ ಹೊರಟಿತು. ಅವನು ಹಿಂದಿನ ಹಿಡಿಕೆ ಹಿಡಿದು ಪಕ್ಕದಲ್ಲೇ ಓಡಿದ. ಆ ನಾಲ್ಕು ದಿನವೂ ಅವನು ಏದುಸಿರು ಬಿಟ್ಟು ನಿಂತುಬಿಡುತ್ತಿದ್ದ ದೀಪದ ಕಂಬ ಬಂತು, ಹಿಂದೆ ಹೋಯಿತು. ಎದೆ ಉರಿಯುತ್ತಿತ್ತು. ‘ನಿಧಾನ... ಬ್ರೇಕ್ ಮುಟ್ಟು... ಈಗ ಎಡಕ್ಕೆ ವಾಲು, ಹೆದರ್ಬೇಡ!’

ಅವಳು ವಾಲಿದಳು. ಹಿಡಿಕೆ ಕೈಜಾರಿತು, ಒಂದು ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಸ್ಕೂಟರ್ ಮೂಲೆ ತಿರುಗಿ ಮರೆಯಾಯಿತು, ಕಣ್ಣೆದುರು ಈಗ ಮೂಲೆಯ ಎತ್ತರದ ಗೋಡೆ ಮಾತ್ರ. ಅವನು ಒಂಟಿ ಚಪ್ಪಲಿಯಲ್ಲಿ ಓಡುತ್ತಲೇ ಇದ್ದ. ಗೋಡೆಯಾಚೆ ಸ್ಕೂಟರಿನ ಸದ್ದು ಇನ್ನೂ ನಿಂತಿರಲಿಲ್ಲ.